ಬೆಳ್ಳಾವೆಯ ಫಿಸಿಕ್ಸ್ ಮೇಷ್ಟ್ರು

ಹೋದ ಸೆಮ್‌ನಲ್ಲಿ ನಮ್ಮ ಕನ್ನಡ ಸಂಘದಿಂದ ಒಂದು ಸಣ್ಣ ಕೆಲಸ ಶುರು ಮಾಡಿದ್ವಿ. ಕನ್ನಡ ಮೀಡಿಯಂನಿಂದ ಬಂದ ಫಸ್ಟ್ ಇಯರ್ ಗೆಳೆಯರಿಗೆ, ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿ ಬಂದವರಿಗೆ, ಶನಿವಾರ ಮಧ್ಯಾಹ್ನ ಮೂರು ವಿಷಯಗಳ ಮೊದಲ ಪಾಠಗಳನ್ನ ಕನ್ನಡದಲ್ಲಿ ಹೇಳಿಕೊಡೋದು. ಆರ್ಗಾನಿಕ್ ಕೆಮಿಸ್ಟ್ರಿ, ಥರ್ಮೋಡೈನಮಿಕ್ಸ್, ಲೀನಿಯರ್ ಆಲ್ಜಿಬ್ರಾ. ಇಂಟರ್ನಲ್ಸ್‌ನಲ್ಲಿ ಜಾಸ್ತಿ ಜನ ಜಾರಿ ಬೀಳೋದು ಇವುಗಳಲ್ಲೇ ಅಂತ ಆರಿಸಿಕೊಂಡಿದ್ದು. ಬಂದವರು ಹನ್ನೊಂದು ಜನ. ದೊಡ್ಡಬಳ್ಳಾಪುರ, ಹೊಸಕೋಟೆ, ದೇವನಹಳ್ಳಿ ಕಡೆಯವರೇ ಹೆಚ್ಚು.

ಮೊದಲನೇ ಕ್ಲಾಸಲ್ಲೇ ಎಡವಿದ್ವಿ. ಬೋರ್ಡ್ ಮೇಲೆ ದೊಡ್ಡದಾಗಿ ‘ಉಷ್ಣ’ ಅಂತ ಬರೆದು, ಇದು ಹೀಟ್, ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹರಿಯುತ್ತೆ ಅಂದ್ವಿ. ದೇವನಹಳ್ಳಿ ಕಡೆಯ ಹುಡುಗ ಕೈ ಎತ್ತಿದ. ಪರಂಗಿ ಹಣ್ಣು ಜಾಸ್ತಿ ತಿಂದರೆ ಉಷ್ಣ ಆಗುತ್ತೆ ಅಂತ ಅಜ್ಜಿ ಹೇಳ್ತಾರಲ್ಲ, ಅದೂ ಇದೂ ಒಂದೇನಾ ಅಂತ ಕೇಳಿದ. ಎಲ್ಲರೂ ನಕ್ಕರು. ನಾವೂ ನಕ್ವಿ. ಆಮೇಲೆ ಉತ್ತರ ಹೇಳೋಕೆ ಹೋದ್ರೆ ಬಾಯಿಗೆ ಬರ್ಲಿಲ್ಲ. ಎಲ್‌ಕೆಜಿಯಿಂದ ಇಂಗ್ಲಿಷ್‌ನಲ್ಲೇ ಓದಿದವರು ನಾವು. ನಮ್ಮಲ್ಲಿ ಇಬ್ಬರಂತೂ ಸ್ಕೂಲಲ್ಲಿ ಕನ್ನಡ ಮಾತಾಡಿ ಫೈನ್ ಕಟ್ಟಿದವರು. ಈಕ್ವೇಷನ್ ಬರುತ್ತೆ, ಡಿರೈವ್ ಮಾಡೋಕೂ ಬರುತ್ತೆ. ಹೀಟ್ ಅಂದ್ರೆ ಏನು ಅಂತ ಮನೆ ಮಾತಲ್ಲಿ ಹೇಳೋಕೆ ಮಾತ್ರ ಬರಲ್ಲ ಅಂತ ಅವತ್ತು ಹನ್ನೊಂದು ಜನರ ಮುಂದೆ ಗೊತ್ತಾಯ್ತು.

ಇದನ್ನ ಮುಂಚೆ ಯಾರಾದ್ರೂ ಮಾಡಿದ್ದಾರಾ ಅಂತ ಲೈಬ್ರರಿಯಲ್ಲಿ ಹುಡುಕೋಕೆ ಕೂತಾಗ ಮತ್ತೆ ಮತ್ತೆ ಸಿಕ್ಕ ಹೆಸರು ಬೆಳ್ಳಾವೆ ವೆಂಕಟನಾರಣಪ್ಪ. ಕನ್ನಡ ಸಾಹಿತ್ಯ ಓದಿದವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಇಂಜಿನಿಯರಿಂಗ್ ಹುಡುಗರಿಗೆ ಗೊತ್ತಿಲ್ಲ. ನಿಜವಾಗಿ ಅವರು ನಮ್ಮ ಕಡೆಯವರು, ಫಿಸಿಕ್ಸ್ ಮೇಷ್ಟ್ರು. ಅದಕ್ಕೇ ಈ ಸಂಚಿಕೆಗೆ ಅವರ ಬಗ್ಗೆ ಬರೀತಿದ್ದೀವಿ.

ನೆಲಮಂಗಲ ದಾಟಿ ಹೈವೇಯಲ್ಲಿ ಮುಂದೆ ಹೋದರೆ ತುಮಕೂರು. ಆ ತುಮಕೂರಿನ ಹತ್ತಿರದ ಊರು ಬೆಳ್ಳಾವೆ, ಈಗ ಬೋರ್ಡುಗಳಲ್ಲಿ ಬೆಳ್ಳಾವಿ ಅಂತ ಬರೀತಾರೆ. ವೆಂಕಟನಾರಣಪ್ಪನವರು ಹುಟ್ಟಿದ್ದು ಅಲ್ಲಿ, 1872ರಲ್ಲಿ. ಓದು ಅವರನ್ನ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ತಂದಿತು. ಮೆಟ್ರೋದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಸ್ಟೇಷನ್‌ನಲ್ಲಿ ಇಳಿದರೆ ಪಕ್ಕದಲ್ಲೇ ಕಾಣೋ ಹಳೇ ಕಲ್ಲಿನ ಕಟ್ಟಡ ಅದೇ. ವಿಶ್ವೇಶ್ವರಯ್ಯನವರು ಅಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿ ಹೋಗಿದ್ದರು. ಆಗ ಮೈಸೂರು ವಿಶ್ವವಿದ್ಯಾನಿಲಯ ಇನ್ನೂ ಹುಟ್ಟಿರಲಿಲ್ಲ, ಕಾಲೇಜು ಮದರಾಸು ಯೂನಿವರ್ಸಿಟಿಗೆ ಸೇರಿತ್ತು. ಪಾಠ, ಪರೀಕ್ಷೆ, ಪುಸ್ತಕ ಎಲ್ಲಾ ಇಂಗ್ಲಿಷ್.

ಅವರು ಭೌತಶಾಸ್ತ್ರ ಹಿಡಿದ ಕಾಲ ಎಂಥಾದ್ದು ಅಂತ ಸ್ವಲ್ಪ ಯೋಚನೆ ಮಾಡಿ. ರಾಂಟ್‌ಜನ್ ಎಕ್ಸ್-ರೇ ಕಂಡಾಗ, 1895ರಲ್ಲಿ, ಇವರಿಗೆ ಇಪ್ಪತ್ತಮೂರು ವರ್ಷ. ಥಾಮ್ಸನ್ ಎಲೆಕ್ಟ್ರಾನ್ ತೋರಿಸಿಕೊಟ್ಟಾಗ ಇಪ್ಪತ್ತೈದು. ನಾವು ಪಿಯುಸಿಯಲ್ಲಿ ಮಾಡರ್ನ್ ಫಿಸಿಕ್ಸ್ ಅಂತ ಬಾಯಿಪಾಠ ಮಾಡಿದ್ದು ಅವರಿಗೆ ಸುದ್ದಿಯಾಗಿ ಬಂದಿತ್ತು. ಓದಿದ ಸೆಂಟ್ರಲ್ ಕಾಲೇಜಿನಲ್ಲೇ ಅವರು ಮೇಷ್ಟ್ರಾದರು, ಇಂಗ್ಲಿಷ್‌ನಲ್ಲೇ ಫಿಸಿಕ್ಸ್ ಪಾಠ ಮಾಡಿದರು. ಅವರನ್ನ ಬಲ್ಲವರು ನೆನಪು ಮಾಡಿಕೊಳ್ಳುವಾಗಲೆಲ್ಲ ಮೊದಲು ಬರೋದು ಅವರ ಶಿಸ್ತು. ಹೊತ್ತಿಗೆ ಸರಿಯಾಗಿ ಬರೋದು, ಹಿಡಿದ ಕೆಲಸ ಬಿಡದೆ ಮುಗಿಸೋದು, ಮುಖಸ್ತುತಿ ಮಾಡದೆ ಇರೋದು. ನಮ್ಮ ಕಾಲಕ್ಕೆ ಸಿಕ್ಕಿದ್ದರೆ ಅಟೆಂಡೆನ್ಸ್ ಶಾರ್ಟೇಜ್‌ಗೆ ಯಾವ ಮೆಡಿಕಲ್ ಸರ್ಟಿಫಿಕೇಟೂ ನಡೀತಿರಲಿಲ್ಲವೇನೋ.

ಇಷ್ಟೇ ಆಗಿದ್ದರೆ ಅವರು ಒಳ್ಳೇ ಮೇಷ್ಟ್ರು ಅಂತ ಅವರ ವಿದ್ಯಾರ್ಥಿಗಳ ಜೊತೆಗೇ ಆ ಹೆಸರೂ ಹೋಗಿಬಿಡ್ತಿತ್ತು. 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಶುರುವಾಯ್ತು. ಮೊದಲ ಅಧ್ಯಕ್ಷರು ಎಚ್.ವಿ. ನಂಜುಂಡಯ್ಯ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಇವತ್ತು ಯುವಿಸಿಇ ಅಂತ ಕರೆಯೋ ಇಂಜಿನಿಯರಿಂಗ್ ಕಾಲೇಜು. ಮೂರು ವರ್ಷದೊಳಗೆ ಇಷ್ಟೆಲ್ಲಾ. ಆದರೆ ಒಂದು ಸಂಸ್ಥೆಯಲ್ಲಿ ಕನ್ನಡ ಇತ್ತು, ಸೈನ್ಸ್ ಇರಲಿಲ್ಲ. ಉಳಿದೆರಡರಲ್ಲಿ ಸೈನ್ಸ್ ಇತ್ತು, ಅದು ಕನ್ನಡದಲ್ಲಿ ಇರಲಿಲ್ಲ. ವೆಂಕಟನಾರಣಪ್ಪನವರು ಎರಡೂ ಕಡೆ ಇದ್ದವರು. ಕಾಲೇಜಿನಲ್ಲಿ ಫಿಸಿಕ್ಸ್, ಪರಿಷತ್ತಿನಲ್ಲಿ ಕಾರ್ಯದರ್ಶಿಯ ಕೆಲಸ.

ಮೊದಲ ಮಹಾಯುದ್ಧ ಇನ್ನೂ ಮುಗಿದಿರದ ಆ ಹೊತ್ತಿನಲ್ಲೇ ಅವರು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರ ಜೊತೆ ಸೇರಿ ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿ ಕಟ್ಟಿ, ‘ವಿಜ್ಞಾನ’ ಅನ್ನೋ ಮಾಸಪತ್ರಿಕೆ ಹೊರಡಿಸಿದರು. ಕನ್ನಡದಲ್ಲಿ ಪೂರ್ತಿ ವಿಜ್ಞಾನಕ್ಕೇ ಅಂತ ಬಂದ ಮೊದಲ ಪತ್ರಿಕೆ ಅದು. ಯೂಟ್ಯೂಬ್ ಇಲ್ಲ, ಗೂಗಲ್ ಟ್ರಾನ್ಸ್‌ಲೇಟ್ ಇಲ್ಲ. ಅಷ್ಟೇ ಅಲ್ಲ, ಪದಗಳೇ ಇಲ್ಲ. ನಾವು ಒಂದು ‘ಉಷ್ಣ’ಕ್ಕೆ ಎಡವಿದ್ವಿ, ಅವರು ಪ್ರತಿ ತಿಂಗಳೂ ಇಂಥ ಎಷ್ಟು ಪದಗಳನ್ನ ದಾಟಬೇಕಿತ್ತು ಅಂತ ಲೆಕ್ಕ ಹಾಕಿದ್ವಿ, ಲೆಕ್ಕ ಸಿಗಲಿಲ್ಲ.

ಪದದ ವಿಷಯ ಬಂದಿದ್ದಕ್ಕೆ ಒಂದು ಮಾತು. ಪದ ಹುಡುಕೋದು ಅಂದ್ರೆ ಡಿಕ್ಷನರಿ ನೋಡಿ ಒಂದರ ಜಾಗಕ್ಕೆ ಇನ್ನೊಂದು ಇಡೋದು ಅಂತ ನಾವು ಅಂದುಕೊಂಡಿದ್ವಿ. ಎಷ್ಟು ಸುಲಭವಾಗಿ ಕೈ ಕೊಡುತ್ತೆ ಅನ್ನೋದಕ್ಕೆ ‘ಆಮ್ಲಜನಕ’ ಸಾಕು. ಲವಾಸಿಯೇ ಆಕ್ಸಿಜನ್ ಅಂತ ಹೆಸರಿಟ್ಟಿದ್ದು ಎಲ್ಲಾ ಆಸಿಡ್‌ಗಳಲ್ಲೂ ಅದು ಇರುತ್ತೆ ಅಂತ ನಂಬಿ. ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಅದು ಇಲ್ಲವೇ ಇಲ್ಲ ಅಂತ 1810ರ ಹೊತ್ತಿಗೆ ಹಂಫ್ರಿ ಡೇವಿ ತೋರಿಸಿದ. ಆದರೂ ಹೆಸರು ಉಳಿಯಿತು, ಅದನ್ನೇ ಅಕ್ಷರಕ್ಕೆ ಅಕ್ಷರ ಕನ್ನಡಕ್ಕೆ ತಂದಾಗ ಲವಾಸಿಯೇ ಮಾಡಿದ ತಪ್ಪೂ ಜೊತೆಗೆ ಬಂತು. ಫ್ರೆಂಚ್‌ನವನ ತಪ್ಪನ್ನ ನಾವು ಸಂಸ್ಕೃತದ ಬಟ್ಟೆ ಹಾಕಿಸಿ ಏಳನೇ ಕ್ಲಾಸಲ್ಲಿ ಕಲೀತೀವಿ.

ಇನ್ನೊಂದು ಮಜಾ ಆರ್ಗಾನಿಕ್ ಕೆಮಿಸ್ಟ್ರಿ ಕ್ಲಾಸಲ್ಲಿ ಆಯ್ತು. ಆರ್ಗಾನಿಕ್‌ಗೆ ‘ಸಾವಯವ’ ಅಂತ ಬರೆದ್ವಿ. ಮನೇಲಿ ಹೊಲ ಇರೋ ಹುಡುಗಿಯೊಬ್ಬಳು, ಸಾವಯವ ಅಂದ್ರೆ ಯೂರಿಯಾ ಹಾಕದೆ ಬೆಳೆಯೋದಲ್ವಾ ಅಂದಳು. ನೋಡಿ ಎಂಥಾ ಜಾಗದಲ್ಲಿ ಸಿಕ್ಕಿಬಿದ್ವಿ! ಕೆಮಿಸ್ಟ್ರಿಯಲ್ಲಿ ಯೂರಿಯಾನೇ ಆರ್ಗಾನಿಕ್ ಕಾಂಪೌಂಡ್. ಬರೀ ಆರ್ಗಾನಿಕ್ ಅಲ್ಲ, ಕಥೆ ಶುರುವಾಗೋದೇ ಅದರಿಂದ. 1828ರಲ್ಲಿ ವೋಲರ್ ಅಮೋನಿಯಂ ಸಯನೇಟ್ ಕಾಯಿಸಿದಾಗ ಸಿಕ್ಕಿದ್ದು ಯೂರಿಯಾ. ಪ್ರಾಣಿಯ ಮೂತ್ರದಲ್ಲಿ ಮಾತ್ರ ಸಿಗುತ್ತೆ, ಅದನ್ನ ಮಾಡೋಕೆ ಜೀವವೇ ಬೇಕು ಅಂತ ತಿಳಿದಿದ್ದ ವಸ್ತು ಗಾಜಿನ ಪಾತ್ರೆಯಲ್ಲಿ ಆಗಿಬಿಡ್ತು. ನಮ್ಮ ಊರುಗಳಲ್ಲಿ ‘ಸರ್ಕಾರಿ ಗೊಬ್ಬರ’ ಅಂತ ಕರೆಯೋ ಬಿಳೀ ಹರಳು ಅದೇ, ಅದರ ತೂಕದಲ್ಲಿ ನೂರಕ್ಕೆ 46 ಪಾಲು ನೈಟ್ರೋಜನ್. ಹೊಲದಲ್ಲಿ ಸಾವಯವ ಅಲ್ಲ, ಪುಸ್ತಕದಲ್ಲಿ ಸಾವಯವ. ಈ ಜಗಳ ಬಿಡಿಸೋಕೆ ಹೋಗಿ ಕಾರ್ಬನ್ನು, ನಾಲ್ಕು ಕೈ, ಬಾಂಡು ಎಲ್ಲಾ ತಾನಾಗೇ ಬಂತು. ಆ ಕ್ಲಾಸಲ್ಲಿ ಯಾರೂ ಫೋನ್ ನೋಡಲಿಲ್ಲ.

ವೆಂಕಟನಾರಣಪ್ಪನವರ ‘ವಿಜ್ಞಾನ’ ಎರಡು ವರ್ಷ ನಡೆದು ನಿಂತಿತು.

ಇದನ್ನ ಓದಿದಾಗ ನಮಗೆ ನಿಜಕ್ಕೂ ಬೇಜಾರಾಯ್ತು. ಯೋಚನೆ ಮಾಡಿದ್ರೆ ಆಶ್ಚರ್ಯ ಏನೂ ಇಲ್ಲ. ಆ ಕಾಲದ ಮೈಸೂರು ಸೀಮೆಯಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. ಅವರಲ್ಲಿ ಸೈನ್ಸ್ ಬೇಕು ಅನ್ನೋರು ಇಂಗ್ಲಿಷ್ ಕಲಿತಿದ್ದರು, ಅವರಿಗೆ ಕನ್ನಡ ಪತ್ರಿಕೆ ಯಾಕೆ? ಕನ್ನಡ ಮಾತ್ರ ಬಲ್ಲವರಿಗೆ ಸೈನ್ಸಿನಿಂದ ಕೆಲಸ ಸಿಗ್ತಿರಲಿಲ್ಲ, ಅವರು ದುಡ್ಡು ಕೊಟ್ಟು ಯಾಕೆ ತಗೋಬೇಕು? ನಮ್ಮ ಶನಿವಾರದ ಕ್ಲಾಸಿಗೂ ಇದೇ ಪ್ರಶ್ನೆ ಬಂದಿದೆ. ಹೇಗಿದ್ರೂ ಎಕ್ಸಾಮ್ ಇಂಗ್ಲಿಷ್‌ನಲ್ಲೇ ಬರೀಬೇಕು, ಕನ್ನಡದಲ್ಲಿ ಕಲಿತು ಏನು ಮಾಡ್ತೀರಾ ಅಂತ ನಮ್ಮದೇ ಬ್ಯಾಚಿನವರು ಕೇಳಿದ್ದಾರೆ. ನಾವು ಗಟ್ಟಿ ಉತ್ತರ ಕೊಟ್ಟಿಲ್ಲ. ವಿಟಿಯುನಲ್ಲಿ ಸಾಂಸ್ಕೃತಿಕ ಕನ್ನಡ, ಬಳಕೆ ಕನ್ನಡ ಅಂತ ಪೇಪರ್ ಇದೆ, ಅದನ್ನ ಪಾಸ್ ಮಾಡೋಕೆ ಹಿಂದಿನ ರಾತ್ರಿ ಸಾಕು. ಥರ್ಮೋದಲ್ಲಿ ಬ್ಯಾಕ್ ಉಳಿಸಿಕೊಂಡವನಿಗೆ ಅದರಿಂದ ಏನೂ ಆಗಲ್ಲ.

ಪತ್ರಿಕೆ ನಿಂತ ಮೇಲೆ ವೆಂಕಟನಾರಣಪ್ಪನವರು ಏನು ಮಾಡಿದರು ಅನ್ನೋದೇ ನಮಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಆ ಹೊತ್ತಿಗೆ ಸೆಂಟ್ರಲ್ ಕಾಲೇಜಿನಲ್ಲೇ ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘ ಕಟ್ಟಿ, 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಶುರು ಮಾಡಿದ್ದರು. ಒಂದು ಕಾಲೇಜಿನ ಕನ್ನಡ ಸಂಘದ ಪತ್ರಿಕೆ ಅಂತ ಹುಟ್ಟಿ ನಾಡಿಗೆಲ್ಲಾ ಹೆಸರಾಗಿದ್ದು ಅದು (ನಮ್ಮ ಈ ಪತ್ರಿಕೆಗೆ ಹೋದ ಸಲ ಲೇಖನ ಕೊಡ್ತೀವಿ ಅಂದು ಕೈಕೊಟ್ಟವರು ದಯವಿಟ್ಟು ಗಮನಿಸಿ). ಸೈನ್ಸ್ ಪತ್ರಿಕೆ ನಿಂತಿತು, ಸಾಹಿತ್ಯದ ಪತ್ರಿಕೆ ಬೆಳೀತು. ಸಿಟ್ಟು ಮಾಡಿಕೊಂಡು ಕೂತಿದ್ದರೆ ಯಾರೂ ಬೇಡ ಅಂತಿರಲಿಲ್ಲ. ಅವರು ಭಾಷೆಯ ಬುಡಕ್ಕೇ ಹೋದರು.

ಪಂಪನ ‘ವಿಕ್ರಮಾರ್ಜುನ ವಿಜಯ’ವನ್ನ ಬಿ.ಎಲ್. ರೈಸ್ 1898ರಲ್ಲಿ ಮೊದಲ ಸಲ ಅಚ್ಚು ಹಾಕಿಸಿದ್ದರು. ಆದರೆ ಸಾವಿರ ವರ್ಷದ ಹಿಂದಿನ ಕಾವ್ಯ, ಕೈಯಿಂದ ಕೈಗೆ ನಕಲಾಗುತ್ತಾ ಬಂದಿದ್ದು. ನಕಲು ಮಾಡಿದವನು ನಿದ್ದೆಗಣ್ಣಲ್ಲಿ ಒಂದು ಅಕ್ಷರ ತಪ್ಪಿದರೆ ಮುಂದಿನವನು ಆ ತಪ್ಪನ್ನೇ ನಕಲು ಮಾಡ್ತಾನೆ. ನಮ್ಮ ಲ್ಯಾಬ್ ರೆಕಾರ್ಡಿನ ಹಾಗೆ. ಓಲೆಗರಿಗಳನ್ನ ಒಂದರ ಪಕ್ಕ ಒಂದು ಇಟ್ಟು, ಎಲ್ಲಿ ಎಲ್ಲಿ ಬೇರೆ ಇದೆ ಅಂತ ಗುರುತು ಹಾಕಿ, ಯಾವುದು ಸರಿ ಇರಬಹುದು ಅಂತ ಛಂದಸ್ಸು, ವ್ಯಾಕರಣ, ಅರ್ಥ ಮೂರನ್ನೂ ನೋಡಿ ತೀರ್ಮಾನ ಮಾಡಬೇಕು. ಸಾಹಿತ್ಯ ಪರಿಷತ್ತು 1931ರಲ್ಲಿ ಪಂಪಭಾರತದ ಹೊಸ ಆವೃತ್ತಿ ಹೊರಡಿಸಿದಾಗ ಅದರ ಸಂಪಾದಕರು ಈ ಫಿಸಿಕ್ಸ್ ಮೇಷ್ಟ್ರು. ನಮಗೆ ಇದು ಕೇಳಿದಾಗ ವಿಚಿತ್ರ ಅನ್ನಿಸಿತ್ತು. ಆಮೇಲೆ ಅನ್ನಿಸಿದ್ದು, ಹತ್ತು ರೀಡಿಂಗ್ ತಗೊಂಡು ಯಾವುದು ಎರರ್, ಯಾವುದು ನಿಜ ಅಂತ ಬೇರೆ ಮಾಡೋದು ಅವರಿಗೆ ದಿನದ ಕೆಲಸ ಆಗಿತ್ತಲ್ಲ! ಇನ್ನೊಂದು ವಿಷಯ. ಅದೇ ಪಂಪಭಾರತಕ್ಕೆ ಪದ್ಯ ಪದ್ಯಕ್ಕೂ ಅರ್ಥ ಬಿಡಿಸಿ ‘ಪಂಪಭಾರತ ದೀಪಿಕೆ’ ಬರೆದವರು ಡಿ.ಎಲ್. ನರಸಿಂಹಾಚಾರ್. ಆ ‘ಡಿ’ ಅಂದ್ರೆ ದೊಡ್ಡಬೆಲೆ, ನಮ್ಮ ನೆಲಮಂಗಲದ ಕಡೆಯ ಊರು. ತುಮಕೂರು ರೈಲಲ್ಲಿ ಓಡಾಡೋರು ಆ ಸ್ಟೇಷನ್ ಬೋರ್ಡ್ ದಿನಾ ನೋಡ್ತಾರೆ.

1937ರಲ್ಲಿ ಜಮಖಂಡಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿ ಕೂರಿಸಿದ್ದು ಇವರನ್ನ. ಕವಿ ಅಲ್ಲ, ಕಾದಂಬರಿಕಾರ ಅಲ್ಲ, ಫಿಸಿಕ್ಸ್ ಮೇಷ್ಟ್ರು. ಜಮಖಂಡಿ ಆಗ ಮೈಸೂರಿಗೆ ಸೇರಿರಲಿಲ್ಲ, ಅದೇ ಒಂದು ಬೇರೆ ಸಂಸ್ಥಾನ.

ಹಾಗಂತ ಸೈನ್ಸ್ ಬಿಟ್ಟಿರಲಿಲ್ಲ. ಅರವತ್ತು ದಾಟಿದ ಮೇಲೆ ‘ಜೀವವಿಜ್ಞಾನ’ ಅಂತ ದೊಡ್ಡ ಪುಸ್ತಕ ಬರೆದರು. 1939ರ ಹೊತ್ತಿಗೆ ಬಂದ ಆ ಪುಸ್ತಕಕ್ಕೆ ದೇವರಾಜ ಬಹದ್ದೂರ್ ಬಹುಮಾನವೂ ಬಂತು. ಬಹುಮಾನ ಇರಲಿ. ನಾವು ನಿಂತು ಯೋಚನೆ ಮಾಡಿದ್ದು ಬೇರೆ. ಜೀವವಿಜ್ಞಾನ ಅವರ ಸಬ್ಜೆಕ್ಟೇ ಅಲ್ಲ! ಇಷ್ಟು ವರ್ಷ ಕ್ಲಾಸಲ್ಲಿ ಹೇಳಿದ ಫಿಸಿಕ್ಸನ್ನ ಕನ್ನಡಕ್ಕೆ ಇಳಿಸಿದ್ದರೆ ಸುಲಭವಾಗ್ತಿತ್ತು. ಅದರ ಬದಲು ತನಗೂ ಹೊಸದಾದ ವಿಷಯವನ್ನ ಮೊದಲಿಂದ ಕಲಿತು, ಏನೂ ಗೊತ್ತಿಲ್ಲದ ಕನ್ನಡ ಓದುಗನಿಗೆ ಮೊದಲಿಂದ ಹೇಳಿದರು. ಯಾಕೆ ಹೀಗೆ ಮಾಡಿದರೋ, ನಮ್ಮ ಊಹೆ ಒಂದಿದೆ. ಚೆನ್ನಾಗಿ ಗೊತ್ತಿರೋ ವಿಷಯದಲ್ಲಿ ಎಲ್ಲಿ ಕಷ್ಟ ಇತ್ತು ಅಂತ ಮರೆತುಹೋಗಿರುತ್ತೆ. ಕ್ಲಾಸಲ್ಲಿ ನಮಗೆ ಆಗಿದ್ದೂ ಅದೇ. ಎಡವಿದವನಿಗೇ ಕಲ್ಲು ಎಲ್ಲಿದೆ ಅಂತ ನೆನಪಿರೋದು. ಇದು ನಮ್ಮ ಊಹೆ ಅಷ್ಟೇ, ಅವರು ಹಾಗೆ ಹೇಳಿದ್ದಾರೆ ಅಂತಲ್ಲ.

ಕೊನೆಯ ವರ್ಷಗಳಲ್ಲಿ ಅವರ ಕೈಯಲ್ಲಿದ್ದ ದೊಡ್ಡ ಕೆಲಸ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು. ಅದರ ಸಂಪಾದನೆಯಲ್ಲಿ ಅವರ ಪಾಲು ಮುಖ್ಯವಾದದ್ದು. ನಿಘಂಟಿನ ಕೆಲಸ ಅಂದ್ರೆ ಕಥೆ ಬರೆದ ಹಾಗಲ್ಲ, ಯಾರೂ ಚಪ್ಪಾಳೆ ಹೊಡೆಯಲ್ಲ. ಒಂದೊಂದು ಇಂಗ್ಲಿಷ್ ಪದ ಬಂದಾಗಲೂ ಕನ್ನಡದಲ್ಲಿ ಇದು ಇದೆಯಾ, ಇದ್ದರೆ ಯಾವ ಅರ್ಥಕ್ಕೆ, ಇಲ್ಲದಿದ್ದರೆ ಹೊಸದು ಕಟ್ಟಬೇಕಾ, ಕಟ್ಟಿದ್ದನ್ನ ಜನ ಬಾಯಲ್ಲಿ ಆಡ್ತಾರಾ ಅಂತ ಕೂತು ನೋಡೋದು. ‘ವಿಜ್ಞಾನ’ ನಡೆಸುವಾಗ ತಿಂಗಳು ತಿಂಗಳು ಅವಸರದಲ್ಲಿ ಮಾಡಬೇಕಾಗಿದ್ದನ್ನೇ ಈಗ ನಿಧಾನವಾಗಿ, ಎ ಇಂದ ಝಡ್‌ವರೆಗೆ. ವೆಂಕಟನಾರಣಪ್ಪನವರು 1943ರಲ್ಲಿ ತೀರಿಕೊಂಡರು. ನಿಘಂಟು ಅಚ್ಚಾಗಿ ಬಂದಿದ್ದು 1946ರಲ್ಲಿ. ಅವರು ಅದನ್ನ ಕೈಯಲ್ಲಿ ಹಿಡಿದು ನೋಡಲಿಲ್ಲ.

ನಮ್ಮ ಕ್ಲಾಸಿನ ವಿಷಯ ಅರ್ಧಕ್ಕೇ ನಿಂತಿದೆ, ಅದನ್ನೂ ಹೇಳಿಬಿಡ್ತೀವಿ. ಬೆಳ್ಳಾವೆಯವರ ಬಗ್ಗೆ ಓದಿದ ಮೇಲೆ ‘ಉಷ್ಣ’ದ ಪಾಠವನ್ನ ಇನ್ನೊಂದು ಸಲ ಮಾಡಿದ್ವಿ. ಈ ಸಲ ಬೋರ್ಡ್ ಮೇಲೆ ಪದ ಬರೆಯೋ ಮೊದಲು ಬಚ್ಚಲ ಮನೆಗೆ ಹೋದ್ವಿ, ಅಂದ್ರೆ ಮಾತಲ್ಲಿ. ಒಂದು ಲೋಟ ನೀರು, 200 ಎಂಎಲ್, 25 ಡಿಗ್ರಿಯಿಂದ 95 ಡಿಗ್ರಿಗೆ ಕಾಯಿಸಿ. ಒಂದು ಹಂಡೆ ನೀರು, 40 ಲೀಟರ್, 25ರಿಂದ 40 ಡಿಗ್ರಿಗೆ ಕಾಯಿಸಿ. ಯಾವುದು ಹೆಚ್ಚು ಬಿಸಿ? ಲೋಟ. ಯಾವುದಕ್ಕೆ ಹೆಚ್ಚು ಸೌದೆ? ಹಂಡೆ. ಲೆಕ್ಕ ಹಾಕಿದ್ರೆ ಲೋಟಕ್ಕೆ ಸುಮಾರು 59 ಕಿಲೋಜೌಲ್, ಹಂಡೆಗೆ 2520. ಎಷ್ಟು ಬಿಸಿ ಅನ್ನೋದು ತಾಪಮಾನ, ಆ ಬಿಸಿ ಮಾಡೋಕೆ ಒಲೆಯಿಂದ ನೀರಿಗೆ ದಾಟಿದ್ದು ಉಷ್ಣ. ಪರಂಗಿ ಹಣ್ಣಿನ ಉಷ್ಣ ಇದ್ಯಾವುದೂ ಅಲ್ಲ, ಅದು ಅಜ್ಜಿಯ ವೈದ್ಯದ ಮಾತು, ಥರ್ಮಾಮೀಟರ್‌ಗೆ ಸಿಗಲ್ಲ. ಒಂದೇ ಪದಕ್ಕೆ ಎರಡು ಮನೆ, ಅಷ್ಟೇ.

ಲೀನಿಯರ್ ಆಲ್ಜಿಬ್ರಾದಲ್ಲಿ ನಾವು ಪಾಠ ಹೇಳಿದ್ದಕ್ಕಿಂತ ಕಲಿತಿದ್ದೇ ಜಾಸ್ತಿ. ಪಿಯುಸಿ ಪುಸ್ತಕದಲ್ಲಿ ಮ್ಯಾಟ್ರಿಕ್ಸ್‌ಗೆ ‘ಮಾತೃಕೆ’ ಅಂತಿದೆ, ಡಿಟರ್ಮಿನೆಂಟ್‌ಗೆ ‘ನಿರ್ಧಾರಕ’. ಒಬ್ಬರು ಅಂಗಡಿಯಲ್ಲಿ 3 ಕೆಜಿ ಟೊಮೆಟೊ, 2 ಕೆಜಿ ಬೀನ್ಸ್ ತಗೊಂಡು 210 ರೂಪಾಯಿ ಕೊಟ್ಟರು. ಇನ್ನೊಬ್ಬರು 6 ಕೆಜಿ ಟೊಮೆಟೊ, 4 ಕೆಜಿ ಬೀನ್ಸ್‌ಗೆ 420 ಕೊಟ್ಟರು. ಒಂದೊಂದರ ರೇಟ್ ಎಷ್ಟು ಅಂತ ಕೇಳಿದ್ವಿ. ನಾವು ಡಿಟರ್ಮಿನೆಂಟ್ ಸೊನ್ನೆ, ಯೂನಿಕ್ ಸೊಲ್ಯೂಷನ್ ಇಲ್ಲ ಅಂತ ಹೇಳೋಕೆ ಬಾಯಿ ತೆಗೆಯೋ ಮೊದಲೇ ಆ ಪರಂಗಿ ಹಣ್ಣಿನ ಹುಡುಗ, ಸಂತೇಲಿ ತರಕಾರಿ ಮಾರೋ ಮನೆಯವನು, ಎರಡನೇ ಚೀಟಿ ಹರಿದು ಹಾಕಿ, ಮೊದಲನೇದನ್ನೇ ಎರಡು ಸಲ ಬರೆದಿದ್ದೀರಾ, ಅದರಲ್ಲಿ ಹೊಸದೇನೂ ಇಲ್ಲ ಅಂದ. ರ‍್ಯಾಂಕ್ ಅಂದ್ರೆ ಅದೇ ಅಲ್ವಾ! ಎಷ್ಟು ಚೀಟಿಯಲ್ಲಿ ನಿಜಕ್ಕೂ ಹೊಸ ವಿಷಯ ಇದೆ ಅನ್ನೋ ಲೆಕ್ಕ. ನಾವು ಒಂದು ಇಡೀ ಸೆಮ್ ರ‍್ಯಾಂಕ್ ಕಂಡುಹಿಡಿದಿದ್ದೀವಿ, ಅದು ಏನು ಅಂತ ಅವತ್ತು ತಿಳೀತು.

ಅದೇ ಹುಡುಗ ಮೊದಲ ಇಂಟರ್ನಲ್ಸ್ ಆದ ಮೇಲೆ ಕಾಲೇಜು ಬಿಟ್ಟು ಸಂತೆಗೇ ಹೋಗ್ತೀನಿ ಅಂತ ನಮ್ಮ ಹತ್ತಿರ ಹೇಳಿದ್ದ. ಹೋಗಿಲ್ಲ. ಥರ್ಮೋ ಬ್ಯಾಕ್ ಇನ್ನೂ ಕ್ಲಿಯರ್ ಆಗಿಲ್ಲ, ಅದೂ ನಿಜ.

ಬರೋ ಶನಿವಾರ ಎರಡು ಗಂಟೆಗೆ ಎರಡನೇ ನಿಯಮ. ಎಂಟ್ರೊಪಿಗೆ ಕನ್ನಡ ಪದ ಇನ್ನೂ ತೀರ್ಮಾನ ಆಗಿಲ್ಲ, ಎಂಟ್ರೊಪಿ ಅಂತಲೇ ಇರಲಿ ಅನ್ನೋರು ಆರು ಜನ, ಬೇಡ ಅನ್ನೋರು ಐದು. ಮೊದಲ ಅರ್ಧ ಗಂಟೆ ಪಾಠ ಅವನೇ ತಗೋತಾನಂತೆ. ಬರೋರು ಒಂದು ನೋಟ್‌ಬುಕ್ ತನ್ನಿ.